ಉಳಿದಿದ್ದ ಎರಡರಲ್ಲಿ ಒಂದು

ಊರಿನಲ್ಲಿ ಆ ಹಳೆಯ ಮಾದರಿಯ ಕಾರುಗಳು ಎರಡೇ ಉಳಿದಿದ್ದವು. ಒಂದು ಮೆಕ್ಯಾನಿಕ್‌ನದು, ಇನ್ನೊಂದನ್ನು ಅವನ ಅಕ್ಕನ ಗಂಡ ಬಾಡಿಗೆಗೆ ಓಡಿಸಿ ಸಂಸಾರ ಸಾಗಿಸುತ್ತಿದ್ದ. ಮೆಕ್ಯಾನಿಕ್‌ನ ಕಾರಿನ ಗೇರ್‌ಬಾಕ್ಸ್ ಕೆಟ್ಟಿತು, ಬದಲಿ ಎಲ್ಲೂ ಸಿಗಲಿಲ್ಲ. ಆಗ ಭಾವ ಬ್ರೇಕ್ ಸರಿಮಾಡಿಸಲು ಇವನ ಶೆಡ್ಡಿಗೆ ಬಂದ. ಇವನು ಕಾರಿನಡಿ ಮಲಗಿ ನೋಡಿ ಎದ್ದ.

"ಚಾಸಿ ಪೂರ್ತಿ ತುಕ್ಕು ಭಾವ. ಇನ್ನು ಓಡಿಸಿದ್ರೆ ನಡುರಸ್ತೇಲೇ ನಿಮ್ಮ ಕಥೆ ಮುಗಿಯುತ್ತೆ."

"ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ ಕಣೋ."

ಚಾಸಿ ಗಟ್ಟಿಯಾಗಿಯೇ ಇತ್ತು. ಮೆಕ್ಯಾನಿಕ್ ಅದರ ಗೇರ್‌ಬಾಕ್ಸ್ ಬಿಚ್ಚಿಟ್ಟುಕೊಂಡು ಮಿಕ್ಕಿದ್ದನ್ನು ಗುಜರಿಗೆ ಹಾಕಿದ.

ಈಗ ಭಾವ ಅದೇ ಶೆಡ್ಡಿನಲ್ಲಿ ಕಾರು ತೊಳೆಯುತ್ತಾನೆ. ಮೊನ್ನೆ ಭಾವಮೈದುನನ ಕಾರನ್ನು ಒಳಗೆ ತರುತ್ತಾ, "ಗೇರ್ ಎಷ್ಟು ನಯವಾಗಿ ಬೀಳುತ್ತಪ್ಪಾ, ಥೇಟ್ ನನ್ನ ಕಾರೇ" ಎಂದ.

"ಎಲ್ಲಾ ಕೈಗುಣ ಭಾವ."

ಭಾವ ಮೆಚ್ಚಿ ತಲೆಯಾಡಿಸಿದ.