ಒಂದೇ ಶೆಡ್ಡಿನ ವಾರಗಿತ್ತಿಯರು

ಅವಳನ್ನು ಎಲ್ಲರೂ ಗುಟುರಮ್ಮ ಎಂದೇ ಕರೆಯುತ್ತಿದ್ದರು. ಯಾರು ಏನು ಕೇಳಿದರೂ ಮಾತಿಗಿಂತ ಮೊದಲು ಗುಟುರು. ಅವಳ ಗಂಡನೂ ಮೈದುನನೂ ಪಾಲಾದಾಗ ಟರ್ಕಿ ಕೋಳಿಗಳ ಉದ್ದನೆಯ ಶೆಡ್ಡಿಗೆ ನಡುವೆ ತಗಡು ಬಡಿದು ಎರಡು ಮಾಡಿಕೊಂಡಿದ್ದರು. ಅಂದಿನಿಂದ ಗುಟುರಮ್ಮನಿಗೂ ವಾರಗಿತ್ತಿಗೂ ಮಾತಿಲ್ಲ. ಬೈಗುಳ ಮಾತ್ರ ಉಂಟು, ಅದೂ ಕೋಳಿಗಳ ನೆಪದಲ್ಲಿ. “ತಿಂದು ತಿಂದು ಹೇಗೆ ಕೊಬ್ಬಿದೆ ನೋಡು, ಆಚೆಯವಳ ಹಾಗೆ” ಎಂದು ಇವಳು ಅಂದರೆ, “ಒಂದೇ ಸಮ ಅರಚುತ್ತೆ, ಥೇಟ್ ನಮ್ಮಕ್ಕನ ಗಂಟಲು” ಎಂದು ತಗಡಿನಾಚೆಯಿಂದ ಉತ್ತರ.

ಚಳಿ ಶುರುವಾದಾಗ ವಾರಗಿತ್ತಿಯ ಕೋಳಿಗಳು ಸೀನತೊಡಗಿದವು. ಗುಟುರಮ್ಮ ಒಳಗೊಳಗೇ ಹಿಗ್ಗಿದಳು. ಆ ಕಡೆಯ ಗಾಳಿಯೂ ತನ್ನತ್ತ ಸುಳಿಯಬಾರದೆಂದು ತನ್ನ ಕಡೆಯ ಶೆಡ್ಡಿನ ಪರದೆಗಳನ್ನೆಲ್ಲ ಇಳಿಸಿ ಬಿಗಿದು ಕಟ್ಟಿದಳು. ಕೆಲವೇ ದಿನಗಳಲ್ಲಿ ಅವಳ ಕೋಳಿಗಳಿಗೂ ಕಣ್ಣಿನ ಕೆಳಗೆ ಊದಿಕೊಂಡಿತು. ಸುರಿಯುವ ಮೂಗನ್ನು ರೆಕ್ಕೆಗೆ ಒರೆಸಿಕೊಳ್ಳುತ್ತ, ಕೊಕ್ಕು ತೆರೆದು ಗೊರಗೊರ ಎನ್ನುತ್ತ ನಿಂತವು; ಕೆಲವು ಸತ್ತೂ ಹೋದವು.

“ಹಾಳಾದವಳು ಬೇಕಂತಲೇ ಹತ್ತಿಸಿದ್ದಾಳೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಗಂಡ ಹೋಗಿ ಪಶುವೈದ್ಯರನ್ನು ಕರೆತಂದ.

ಆ ಡಾಕ್ಟರಮ್ಮ ಒಳಗೆ ಕಾಲಿಟ್ಟವರೇ ಕಣ್ಣೊರೆಸಿಕೊಳ್ಳುತ್ತ ಹೊರಬಂದರು. “ಏನಮ್ಮಾ ಇದು, ಹಿಕ್ಕೆಯ ಘಾಟಿಗೆ ನನಗೇ ಉಸಿರು ಕಟ್ತಿದೆ. ಮೊದಲು ಪರದೆ ಎತ್ತಿ.” ಸತ್ತ ಕೋಳಿಯೊಂದನ್ನು ಕೊಯ್ದು, ಎದೆಗೂಡಿನಲ್ಲಿ ಗಟ್ಟಿಯಾಗಿದ್ದ ಹಳದಿ ಕೀವು ತೋರಿಸಿದರು. “ಬ್ಯಾಕ್ಟೀರಿಯಾ ಸೋಂಕು. ಆ ಕಡೆಯಿಂದಲೇ ಬಂದಿರಬಹುದು. ಆದ್ರೆ ಅಲ್ಲಿ ಗಾಳಿ ಆಡುತ್ತೆ, ಕೋಳಿ ತಡ್ಕೊಂಡಿವೆ. ಇಲ್ಲಿ ಸಾಯ್ತಿವೆ. ಎರಡೂ ಕಡೆ ಒಟ್ಟಿಗೇ ನೀರಲ್ಲಿ ಔಷಧಿ ಕೊಡ್ಬೇಕು, ಇಲ್ದಿದ್ರೆ ಮತ್ತೆ ಹರಡುತ್ತೆ.”

ಗುಟುರಮ್ಮನ ಮೈಯೆಲ್ಲ ಉರಿಯಿತು. ಆದರೂ ಹೋಗಿ ವಾರಗಿತ್ತಿಯ ಬಾಗಿಲು ಬಡಿದಳು.

“ನಾಳೆ ಬೆಳಿಗ್ಗೆಯಿಂದ ನಿನ್ನ ಕೋಳಿಗೂ ಔಷಧಿ ಹಾಕು.”

“ಕೇಳೋ ರೀತಿನಾ ಅಕ್ಕ ಇದು?”

“ಕೇಳ್ತಿಲ್ಲ, ಹೇಳ್ತಿದ್ದೀನಿ.”

ಬಾಗಿಲು ಮುಖಕ್ಕೆ ರಪ್ಪನೆ ಮುಚ್ಚಿಕೊಂಡಿತು. ಆದರೆ ಬೆಳಗಾದಾಗ ಆ ಕಡೆಯ ನೀರಿನಲ್ಲೂ ಔಷಧಿ ಬಿದ್ದಿತ್ತು.

ಗುಟುರಮ್ಮನ ಕೋಳಿಗಳಲ್ಲಿ ಅರ್ಧದಷ್ಟು ಸತ್ತವು, ಉಳಿದವು ನಿಧಾನಕ್ಕೆ ಚೇತರಿಸಿಕೊಂಡವು. ಸತ್ತವನ್ನು ಹೂಳಲು ಅವಳು ಗುಂಡಿ ತೋಡುತ್ತಿದ್ದಾಗ ವಾರಗಿತ್ತಿ ಗುದ್ದಲಿ ಹಿಡಿದು ಬಂದಳು.

“ನೋಡಿ ಕಣ್ಣು ತಂಪಾಯ್ತಾ?” ಎಂದಳು ಗುಟುರಮ್ಮ.

“ತಂಪಾಯ್ತು” ಎಂದು ಅವಳು ಮಣ್ಣಿಗೆ ಗುದ್ದಲಿ ಹಾಕಿದಳು.

ಗುಟುರಮ್ಮ ಬೇಡ ಎನ್ನಲಿಲ್ಲ. ಗುಂಡಿ ಮುಚ್ಚಿದ ಮೇಲೆ, ವಾರಗಿತ್ತಿ ಮಣ್ಣಾದ ಕೈಯಲ್ಲಿ ಪಕ್ಕದಲ್ಲೇ ನಿಂತಿದ್ದರೂ, ತಾನೊಬ್ಬಳೇ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಹಿಂದಿರುಗಿ ನೋಡದೆ ಒಳಗೆ ಹೋದಳು.