ರೊಟ್ಟಿ ಯಾರು ಬಡಿದರು?

ಕಳೆದ ಗುರುವಾರ ಕಮಲಾಪುರದಲ್ಲಿ, ಮುನ್ನೂರು ಹೆಂಗಸರ ಎದುರಿಗೆ, ಮಹಾಗಾಂವದ ಶರಣಮ್ಮ ಎಂಬ ಮುದುಕಿ ನನಗೆ ಹೇಳಿದಳು: "ನೀ ಸುಮ್ಮ ಕುಂಡ್ರು ಮಾಸ್ತರ, ನಾನೇ ಕೇಳ್ತೀನಿ."

ಕೂತೆ. ಇನ್ನೇನು ಮಾಡಲಿ?

ಈ ಪತ್ರಿಕೆಗೆ ಬರೆಯತೊಡಗುವ ಮೊದಲು ಹನ್ನೆರಡು ವರ್ಷ ಹೈಸ್ಕೂಲಿನಲ್ಲಿ ಮಕ್ಕಳನ್ನು ಸುಮ್ಮನೆ ಕೂರಿಸಿದವನು ನಾನು. ಆದರೆ ನಂಬಿ, ಅವತ್ತು ಹಾಗೆ ಕೂತದ್ದರಲ್ಲಿ ಅವಮಾನಕ್ಕಿಂತ ಖುಷಿಯೇ ಹೆಚ್ಚಾಯಿತು. ವಾರವಾಗುತ್ತ ಬಂದರೂ ಇಳಿದಿಲ್ಲ. ಮೊದಲಿನಿಂದ ಹೇಳುತ್ತೇನೆ.

ದಿಲ್ಲಿಯಿಂದ ಆ ತಾಯಿ ಬಂದಿದ್ದರು. (ಹೆಸರು ಬರೆಯುವುದಿಲ್ಲ. ಸ್ಟೇಷನ್ನಿನಿಂದ ಸೇಡಂ ರಸ್ತೆಯವರೆಗೆ ಗೋಡೆಗೋಡೆಗೂ ಪೋಸ್ಟರ್ ಅಂಟಿಸಿದ್ದನ್ನು ನೀವೂ ನೋಡಿದ್ದೀರಿ.) ಹದಿಮೂರಕ್ಕೆ ಮದುವೆ. ಅಕ್ಷರ ಕಲಿತದ್ದು ಗಂಡನ ಮನೆಗೆ ಬಂದ ಮೇಲೆ. ಇಪ್ಪತ್ತಕ್ಕೆ ವಿದೇಶಿ ಬಟ್ಟೆಯ ಅಂಗಡಿ ಮುಂದೆ ಪಿಕೆಟಿಂಗ್. ಮೂರು ಸಲ ಜೈಲು. ಆಮೇಲೆ ತಮ್ಮ ಊರಿನ ಮುನ್ಸಿಪಾಲ್ಟಿ, ಈಗ ಪಾರ್ಲಿಮೆಂಟು. ಫೋಟೋ ನೋಡಿ ನೋಡಿ ಬಹಳ ಎತ್ತರದ ಹೆಂಗಸು ಎಂದುಕೊಂಡಿದ್ದೆ. ಜೀಪಿನಿಂದ ಇಳಿದವರು ನನ್ನ ಭುಜಕ್ಕೆ ಬರುತ್ತಿದ್ದರು. ದಾರಿಯಲ್ಲಿ ಚಪ್ಪಲಿ ಕಿತ್ತುಹೋಗಿತ್ತಂತೆ, ಅದನ್ನು ಕೈಯಲ್ಲೇ ಹಿಡಿದುಕೊಂಡು ಬರಿಗಾಲಲ್ಲಿ ನಡೆದು ಬಂದರು. ನನಗೆ ಆಗಲೇ ಮೈಯೆಲ್ಲ ಪುಳಕ.

ಅವರ ಹಿಂದುಸ್ತಾನಿ ಭಾಷಣವನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಯಾರು ಕೊಟ್ಟರು? ಯಾರೂ ಕೊಡಲಿಲ್ಲ, ನಾನೇ ಮೇಲೆ ಬಿದ್ದು ತೆಗೆದುಕೊಂಡೆ.

ಅದಕ್ಕೂ ಕಾರಣ ಇದೆ. ನಿಜಾಮರ ಕಾಲದಲ್ಲಿ ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಗಣಿತ ಉರ್ದು, ಭೂಗೋಳ ಉರ್ದು. ಪೊಲೀಸ್ ಆಕ್ಷನ್ ಆದ ಮೇಲೆ ಕನ್ನಡಕ್ಕೆ ಬಾಗಿಲು ತೆರೆಯಿತು ನೋಡಿ, ಧಾರವಾಡದಿಂದ ಪುಸ್ತಕದ ಗಂಟು ತರಿಸಿ ನಾಲ್ಕು ವರ್ಷ ಹಸಿದವನಂತೆ ಓದಿದೆ. ಅಷ್ಟು ಓದಿದ್ದನ್ನು ಎಲ್ಲಾದರೂ ಆಡಿ ತೋರಿಸಬೇಡವೇ?

ಮಧ್ಯಾಹ್ನದ ಬುತ್ತಿಯನ್ನೂ ನಾನೇ ಒಪ್ಪಿಕೊಂಡೆ. ಒಂಬತ್ತು ಜನಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. (ನನ್ನ ಹೆಂಡತಿ ಸುಭದ್ರಾ ಬೀದರದವಳು. ಹಿಂದುಸ್ತಾನಿ ನನಗಿಂತ ಚೆನ್ನಾಗಿ ಆಡುತ್ತಾಳೆ. "ನಾನೂ ಬರ್ಲೇನ್ರಿ?" ಎಂದು ಕೇಳಿದ್ದಳು. "ಬುತ್ತಿ ಯಾರು ಕಟ್ತಾರ?" ಎಂದೆ. ಮತ್ತೆ ಕೇಳಲಿಲ್ಲ.)

ಕಮಲಾಪುರದಲ್ಲಿ ಅವತ್ತು ಸಂತೆ. ಹೆಂಗಸರು ಬುಟ್ಟಿ ಸಮೇತ ಬಂದು ಕೂತಿದ್ದರು. ಊರಿನವರು ಹಾರದ ಬದಲು ಕೆಂಪು ಬಾಳೆಯ ಗೊನೆಯನ್ನೇ ನಾಯಕಿಯ ಮುಂದೆ ತಂದಿಟ್ಟರು. ಅವರು ನಿಂತಲ್ಲೇ ಒಂದು ಹಣ್ಣು ಸುಲಿದು ತಿಂದರು, ಆಮೇಲೆ ಮೈಕಿನ ಕಡೆ ನಡೆದರು.

ಅಷ್ಟರಲ್ಲಿ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. ಹೆಸರು ನೀಲಮ್ಮ, ಶರಣಮ್ಮನ ಸೊಸೆ. ಸೊಲ್ಲಾಪುರದ ಕಡೆ ತವರು, ಅಲ್ಲಿ ಏಳನೆಯ ತರಗತಿ ಪಾಸಾದವಳು. ಸೆರಗಿನ ಗಂಟು ಬಿಚ್ಚಿ ಒಂದು ಫಾರಂ ತೆಗೆದಳು. ಕಲಬುರಗಿಯಲ್ಲಿ ಬಾಲವಾಡಿ ಕಲಿಸುವವರಿಗೆ ಆರು ತಿಂಗಳ ಟ್ರೈನಿಂಗ್.

"ಇವತ್ತೇ ಕಡೀ ದಿನ ಅದರೀ. ಮನಿ ಹಿರೇರ ಹೆಬ್ಬೆಟ್ಟು ಬೇಕಂತ. ನಮ್ಮತ್ತಿ ಒಲ್ಲೆ ಅಂತಾಳ."

"ನಿನ್ನ ಗಂಡ ಏನಂತಾನ?"

"ಅವ್ವ ಏನಂತಾಳ ಅದೇ ಅಂತಾರ." ಹುಡುಗಿ ಫಾರಮ್ಮನ್ನು ಮತ್ತೆ ಗಂಟು ಹಾಕಿದಳು. "ದಿಲ್ಲಿ ಬಾಯಾರ ಮಾತು ಕೇಳಿ ಆಮ್ಯಾಲ ಹೇಳ್ತೀನಿ ಅಂದಾಳ. ನೀವು ಛಲೋ ಹೇಳ್ರಿ ಸರ."

ಛಲೋ ಹೇಳುವುದೇ? ನಾನು ಹುಟ್ಟಿದ್ದೇ ಅದಕ್ಕೆ ಎಂದುಕೊಂಡೆ.

"ಬೆಹನೋ, ಘರ್ ಸೆ ನಿಕಲೋ, ಡರೋ ಮತ್" ಎಂದರು ನಾಯಕಿ. ಅಕ್ಕತಂಗಿಯರೇ, ಮನೆಯಿಂದ ಹೊರಗೆ ಬನ್ನಿ, ಹೆದರಬೇಡಿ, ಅಷ್ಟೇ.

ನಾನು ಗಂಟಲು ಸರಿಮಾಡಿಕೊಂಡೆ. "ಮಾನ್ಯ ಸೋದರಿಯರೇ, ಗೃಹಬಂಧನದ ಶೃಂಖಲೆಗಳನ್ನು ಛೇದಿಸಿ, ನಿರ್ಭೀತ ಚಿತ್ತದಿಂದ ರಾಷ್ಟ್ರೋತ್ಥಾನಕ್ಕೆ ಕಟಿಬದ್ಧರಾಗಿರಿ."

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ನಾಯಕಿ ಮಾತಾಡಿದ ಕೂಡಲೇ ಹೆಂಗಸರು ತಲೆಯಾಡಿಸುತ್ತಾರೆ, ನಾನು ಬಾಯಿ ತೆರೆದರೆ ಬುಟ್ಟಿ ಸರಿಸಿಕೊಳ್ಳುತ್ತಾರೆ. ಯಾಕೆ? ನನ್ನ ಹುರುಪಿನಲ್ಲಿ ನನಗೆ ಹೊಳೆಯಲೇ ಇಲ್ಲ.

ಭಾಷಣ ಮುಗಿಯಿತು. ಏನಾದರೂ ಕೇಳುವುದಿದ್ದರೆ ಕೇಳಿ ಎಂದರು ನಾಯಕಿ. ಶರಣಮ್ಮ ಎದ್ದಳು. ಸೊಸೆ ಪಕ್ಕದಲ್ಲಿ ಸೆರಗಿನ ಗಂಟು ಹಿಡಿದು ಕೂತಿದ್ದಳು.

"ಬಾಯಾರ, ನೀವು ಮೂರು ಸಲ ಜೇಲಿಗಿ ಹೋಗೀರಿ ಅಂದ್ರಿ. ಆವಾಗ ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಿದ್ರು?"

ನನಗೆ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು. ಪಾರ್ಲಿಮೆಂಟಿನವರು, ದಿಲ್ಲಿಯಿಂದ ಬಂದವರು, ಅವರನ್ನು ರೊಟ್ಟಿಯ ಮಾತು ಕೇಳುವುದೇ? ನಾನು ಜಾಣತನ ಮಾಡಿದೆ. "ಸ್ವಾತಂತ್ರ್ಯ ಹೋರಾಟದಲ್ಲಿ ತಾವು ಮಾಡಿದ ತ್ಯಾಗದ ಬಗ್ಗೆ ಕೇಳುತ್ತಿದ್ದಾರೆ" ಎಂದು ಹಿಂದುಸ್ತಾನಿಯಲ್ಲಿ ಹೇಳಿಬಿಟ್ಟೆ.

ನಾಯಕಿ ತ್ಯಾಗದ ಬಗ್ಗೆ ಹೇಳತೊಡಗಿದರು. ಶರಣಮ್ಮ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು ಸೊಸೆಗೆ ಅಂದಳು: "ನಡೀ, ಬಸ್ ಹೋಗ್ತದ."

ನೀಲಮ್ಮ ಏಳಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟ ಇನ್ನೂ ಚುಚ್ಚುತ್ತದೆ. ಅವಳ ಆರು ತಿಂಗಳು ನನ್ನ ನಾಲಿಗೆಯ ಮೇಲಿತ್ತು, ನಾನು ಅದನ್ನು ಶೃಂಖಲೆ, ಚಿತ್ತ, ತ್ಯಾಗ ಅನ್ನುತ್ತ ಕೆಡಿಸಿ ಕೂತಿದ್ದೆ. ಮತ್ತೆ ಮೈಕಿಗೆ ಬಾಯಿ ಹಾಕಿದೆ, ಸರಿಮಾಡೋಣ ಎಂದು. ಆಗಲೇ ಶರಣಮ್ಮ ನನ್ನನ್ನು ಕೂರಿಸಿದ್ದು.

ಕೂರಿಸಿ, ನೇರವಾಗಿ ನಾಯಕಿಯನ್ನೇ ಕೇಳಿದಳು: "ತುಮೆ ಜೇಲ್ ಕು ಗಯೇ ತೋ ಘರ್ ಮೆ ರೋಟಿ ಕೌನ್ ಪಕಾಯೆ?"

ಅಯ್ಯೋ, ನನ್ನ ಬುದ್ಧಿಗಿಷ್ಟು. ಮೂವತ್ತು ವರ್ಷ ಕಲಬುರಗಿಯ ಬಜಾರಿನಲ್ಲಿ ಬಾಳೆಹಣ್ಣು ಮಾರಿದವಳು ಆಕೆ. ಅಲ್ಲಿ ಕೂತ ಯಾರಿಗೂ ನಾಯಕಿಯ ಮಾತು ತಿಳಿಯದೆ ಇರಲಿಲ್ಲ. ತಿಳಿಯದೆ ಇದ್ದದ್ದು ನನ್ನ ಕನ್ನಡ.

ನಾಯಕಿ ಜೋರಾಗಿ ನಕ್ಕರು. ಮೈಕ್ ಬಿಟ್ಟು ಕೆಳಗಿಳಿದು ಬಂದು ಶರಣಮ್ಮನ ಎದುರಿಗೆ ಜಮಖಾನದ ಮೇಲೆ ಕೂತರು. ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾವ ಪತ್ರಿಕೆಯವನೂ ತಮ್ಮನ್ನು ಕೇಳಿಲ್ಲ ಎಂದರು. (ಪತ್ರಿಕೆಯವನಾದ ನಾನು ನೆಲ ನೋಡಿದೆ.) ಆಮೇಲೆ ಹೇಳಿದರು. ಮೊದಲ ಸಲ ಜೈಲಿಗೆ ಹೋದಾಗ ಅತ್ತೆ ಮಾಡಿದರಂತೆ, ದಿನಾ ಬೈಯುತ್ತ. ಎರಡನೆಯ ಸಲ ಅತ್ತೆಗೆ ಕಾಯಿಲೆ, ಗಂಡ ಕಲಿತನಂತೆ. ಒಂದು ತಿಂಗಳು ಬೇಳೆ ಹೊತ್ತಿಸಿ, ಎರಡನೆಯ ತಿಂಗಳಿಗೆ ಮನುಷ್ಯರು ತಿನ್ನುವ ಹಾಗೆ ಮಾಡಿದನಂತೆ.

"ಔರ್ ತೀಸ್ರಾ ಬಾರ್?" ಶರಣಮ್ಮ ಬಿಡಲಿಲ್ಲ.

ಮೂರನೆಯ ಸಲ ಅತ್ತೆಯೂ ಮೆರವಣಿಗೆಗೆ ಬಂದರಂತೆ. ಇಬ್ಬರನ್ನೂ ಒಂದೇ ಲಾರಿಯಲ್ಲಿ ಹಾಕಿಕೊಂಡು ಹೋದರಂತೆ. ಅತ್ತೆಗೂ ಸೊಸೆಗೂ ರೊಟ್ಟಿ ಮಾಡಿ ಹಾಕಿದ್ದು ಸರ್ಕಾರ!

ಮುನ್ನೂರು ಹೆಂಗಸರು ಒಟ್ಟಿಗೆ ನಕ್ಕದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿದೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಹಿಂದೆ ಇಂಥ ಗುಂಪು ಕಂಡರೆ ರಜಾಕಾರರು ಬರುತ್ತಾರೆಂದು ಓಡುತ್ತಿದ್ದ ಊರು ಇದು.

ಶರಣಮ್ಮ ಮಾತ್ರ ನಗಲಿಲ್ಲ. ಸೊಂಟದ ಬುಟ್ಟಿ ಕೆಳಗಿಳಿಸಿದಳು. "ರಜಾಕಾರರ ಗಡಬಡಿ ಟೈಮಿನ್ಯಾಗ ನಾವು ಗಡಿ ದಾಟಿ ಕ್ಯಾಂಪಿನ್ಯಾಗ ಇದ್ದೆವು. ಮೂರು ಕಲ್ಲು ಹೂಡಿ ಹತ್ತು ಮಂದಿಗಿ ರೊಟ್ಟಿ ಬಡದೀನಿ. ಆರು ತಿಂಗಳು ನಾಲ್ಕು ಮಂದಿಗಿ ಬಡೀಲಾಕ ನನಗೇನು ಧಾಡಿ?" ಸೊಸೆಯ ಕಡೆ ತಿರುಗಿದಳು. "ತಾ ಇಲ್ಲಿ ಆ ಕಾಗದ. ಮೊನ್ನಿ ವೋಟಿಗಿ ಬೊಟ್ಟು ಕೊಟ್ಟೀನಿ, ಇದಕ ಹೆಬ್ಬೆಟ್ಟು ಕೊಡ್ತೀನಿ. ಏಳನೇ ತಿಂಗಳಿಗಿ ಮನ್ಯಾಗಿರಬೇಕು ಮತ್ತ."

ಪೋಸ್ಟ್ ಮಾಸ್ತರರ ಇಂಕ್ ಪ್ಯಾಡ್ ತರಿಸಿದೆವು. ನೀಲಮ್ಮ ಆ ಫಾರಮ್ಮನ್ನು ಮತ್ತೆ ಗಂಟು ಹಾಕಲಿಲ್ಲ. ಇಂಕು ಆರಲಿ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಜೀಪು ಹತ್ತಿ ಕಲಬುರಗಿಗೆ ಬಂದಳು. ಆಫೀಸು ಮುಚ್ಚುವ ಮೊದಲು ಕೊಟ್ಟಳು.

ನಡುವೆ ಊಟದ ಹೊತ್ತಿನ ಮಾತೊಂದು ಉಳಿಯಿತು. ನಾಯಕಿ ರೊಟ್ಟಿ ಮುರಿದು, ಇಷ್ಟು ತೆಳ್ಳಗೆ ಯಾರು ಮಾಡಿದರು ಎಂದು ಕೇಳಿದರು.

"ನಮ್ಮ ಮನೆಯವರು" ಎಂದೆ.

ಸುತ್ತಲಿನ ಹೆಂಗಸರ ಕಡೆ ಕಣ್ಣು ಹಾಯಿಸಿದರು. "ಎಲ್ಲಿದ್ದಾರೆ?"

"ಮನೆಯಲ್ಲಿ."

ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಹೊರಡುವಾಗ, ಮುಂದಿನ ತಿಂಗಳು ಕಲಬುರಗಿಯಲ್ಲೇ ಮೀಟಿಂಗ್ ಇದೆ, ಬುತ್ತಿ ನಿಮ್ಮ ಮನೆಯದೇ ಇರಲಿ ಎಂದರು.

ಸಂಜೆ ಮನೆಗೆ ಬಂದು ಸುಭದ್ರಾಳಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಶೃಂಖಲೆಯನ್ನೂ ಮುಚ್ಚಿಡಲಿಲ್ಲ. ಅತ್ತೆ ಲಾರಿ ಹತ್ತಿದ ಮಾತಿಗೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಖಾಲಿ ಬುತ್ತಿ ಎತ್ತಿಕೊಂಡು ಒಳಗೆ ಹೋಗುತ್ತ, ಬಾಗಿಲಲ್ಲಿ ನಿಂತು ತಿರುಗಿದಳು.

"ಮುಂದಿನ ತಿಂಗಳ ಮೀಟಿಂಗಿಗಿ ನಾ ಹೋಗಾಕಿನ್ರಿ. ಅವತ್ತು ರೊಟ್ಟಿ ಯಾರು ಬಡೀತಾರ?"

ಇದನ್ನು ಯಾವ ಭಾಷೆಗೆ ತಿರುಗಿಸಿ ತಪ್ಪಿಸಿಕೊಳ್ಳಲಿ, ನೀವೇ ಹೇಳಿ?