ಎರಡು ಯಂತ್ರಗಳ ನಡುವೆ ಡಬ್ಬಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ, ಸ್ವೆಟರ್ ಮೇಲೊಂದು ಶಾಲು ಹೊದ್ದ ಹೆಂಗಸೊಬ್ಬರು ಮಂಡಿಯೂರಿ ಕೂತು, ಎರಡು ಸರ್ವರ್‌ಗಳ ನಡುವಿನ ನೀಲಿ ಕೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಾರೆ. ಕಿತ್ತದ್ದು ಬೇಕೆಂದೇ. ಪರದೆಯತ್ತ ನೋಡುತ್ತಾರೆ, ಕೇಬಲ್ಲಿನತ್ತ ನೋಡುತ್ತಾರೆ, ಮತ್ತೆ ಪರದೆಯತ್ತ. ಮುಖದಲ್ಲಿ ದಾರಿ ತಪ್ಪಿದವರ ಕಳೆ. "ಎರಡೂ ಬರೀತಾ ಇವೆ," ಎನ್ನುತ್ತಾರೆ ತಮಗೆ ತಾವೇ. "ಒಂದಾದ್ರೂ ನಿಲ್ಲಬೇಕಿತ್ತಲ್ಲ."

ಇಡೀ ಆಸ್ಪತ್ರೆಗೆ ಇವರು ಡಬ್ಬಿ ಅಕ್ಕ. ಹುದ್ದೆಗೆ ಉದ್ದನೆಯ ಹೆಸರೊಂದಿದೆ; ಅದನ್ನು ಪೂರ್ತಿ ಹೇಳುವ ತಾಳ್ಮೆ ಯಾರಿಗಿದೆ? ಔಷಧಿ ಉಗ್ರಾಣದಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದವರು, ಕೆಟ್ಟ ಯಂತ್ರ ಕಂಡರೆ ಓಡಿಹೋಗದ ಒಂದೇ ತಪ್ಪಿಗೆ ಈ ಕೋಣೆಯನ್ನು ಗಂಟುಹಾಕಿಸಿಕೊಂಡರು. ಮೇಲಿನ ರಕ್ತನಿಧಿಯಲ್ಲಿ ದಿನಕ್ಕೆ ಇನ್ನೂರರ ಆಸುಪಾಸು ಚೀಲಗಳು ಬರುತ್ತವೆ, ಹೋಗುತ್ತವೆ. ಯಾವ ಚೀಲ ಯಾವ ಗುಂಪಿನದು, ಯಾರಿಗೆ ತೆಗೆದಿಟ್ಟದ್ದು ಎಂಬುದೆಲ್ಲ ಇವರ ಡಬ್ಬಿಗಳ, ಅಂದರೆ ಈ ಸರ್ವರ್‌ಗಳ, ಹೊಟ್ಟೆಯಲ್ಲಿದೆ. ಮೊದಲಿದ್ದದ್ದು ಒಂದೇ ಸರ್ವರ್. ಅದು ಕೈಕೊಟ್ಟ ದಿನ ಶಸ್ತ್ರಚಿಕಿತ್ಸೆಗಳೇ ಮುಂದಕ್ಕೆ ಹೋದವು. ಹಾಗಾಗಿ ಈಗ ಎರಡು ಸರ್ವರ್ ಬಂದಿವೆ, ಎರಡಕ್ಕೂ ಸೇರಿ ದಾಖಲೆ ಬರೆದಿಡುವ ಒಂದೇ ಡಿಸ್ಕ್ ಪೆಟ್ಟಿಗೆ.

ಪೀಕಲಾಟ ಶುರುವಾದದ್ದು ಅಲ್ಲಿಂದಲೇ. ಒಂದೇ ಕಡೆ ಎರಡು ಯಂತ್ರ ಬರೆಯಬೇಕೆಂದರೆ, ಯಾರು ಎಲ್ಲಿ ಬರೆಯುತ್ತಿದ್ದಾರೆಂದು ಪರಸ್ಪರ ಹೇಳಿಕೊಳ್ಳುವ ಏರ್ಪಾಡು ಬೇಕು. ಕ್ಲಸ್ಟರ್ ಫೈಲ್ ಸಿಸ್ಟಮ್ ಎನ್ನುವುದು ಅದಕ್ಕೇ. ಒಂದೇ ಪಾತ್ರೆಯ ಮುಂದೆ ಇಬ್ಬರು ಅಡುಗೆಗೆ ನಿಂತ ಹಾಗೆ. ಮಾತು ನಿಂತಿತೋ, ಇಬ್ಬರೂ ಉಪ್ಪು ಹಾಕುತ್ತಾರೆ. ಕಂಪನಿಯವರನ್ನು ಕೇಳಿದರೆ ತಮ್ಮ ಸರಕೇ ಚಿನ್ನ. ಇಂಟರ್‌ನೆಟ್‌ನಲ್ಲಿ ಕೇಳಿದರೆ ಹತ್ತು ಜನ, ಹನ್ನೊಂದು ಉತ್ತರ. ಸೋಸಿ ಸೋಸಿ ಉಳಿದದ್ದು ಇಂಥ ಎರಡು ಸಿಸ್ಟಮ್. ಮೊದಲನೆಯದು ಚುರುಕು, ಏನೇ ಆಗಲಿ ನಿಲ್ಲುವುದಿಲ್ಲ. ಎರಡನೆಯದು ಜೊತೆಯ ಯಂತ್ರದ ಸುದ್ದಿ ಸಿಗದಿದ್ದರೆ ಬರೆಯುವುದನ್ನೇ ನಿಲ್ಲಿಸುತ್ತದೆ. ಆ ಯಂತ್ರವನ್ನು ಹೊರಗಿಟ್ಟದ್ದು ಖಾತ್ರಿಯಾದ ಮೇಲಷ್ಟೇ ಮುಂದಿನ ಕೆಲಸ.

ಈ ಬೆಳಗ್ಗೆ ಸುಳ್ಳು ಹೆಸರುಗಳನ್ನು ತುಂಬಿ ಮೊದಲನೆಯದನ್ನು ಪರೀಕ್ಷಿಸಿದರೆ, ಒಂದೇ ಚೀಲ ಇಬ್ಬರ ಹೆಸರಿಗೆ ಹೋಗಿ ಕೂತಿದೆ. ನಿಜವಾಗಿದ್ದರೆ, ಒಬ್ಬರನ್ನು ಆಪರೇಷನ್ ಮೇಜಿನ ಮೇಲೆ ಮಲಗಿಸಿದ ಮೇಲೆ ಚೀಲವಿಲ್ಲವೆಂದು ಗೊತ್ತಾಗುತ್ತಿತ್ತು. ಹಾಗಾದರೆ ಎರಡನೆಯದನ್ನೇ ತಂದರಾಯಿತಲ್ಲ ಎನ್ನಬೇಡಿ. ನಿನ್ನೆ ಅದರ ಪರೀಕ್ಷೆಯಲ್ಲಿ ಪರದೆ ಎರಡು ನಿಮಿಷ ಕಲ್ಲಾಗಿ ಕೂತಿತ್ತು. ಪಕ್ಕದಲ್ಲಿ ನಿಂತಿದ್ದ ರಕ್ತನಿಧಿಯ ವೈದ್ಯರು ಕೇಳಿಯೇಬಿಟ್ಟರು: "ರಕ್ತ ಸೋರ್ತಿರೋರಿಗೆ ಎರಡು ನಿಮಿಷ ತಡ್ಕೊಳಿ ಅಂತ ನೀವು ಹೇಳ್ತೀರೋ, ನಾನು ಹೇಳಲೋ?"

ಅತ್ತ ದರಿ, ಇತ್ತ ಪುಲಿ. ಯಾವುದು ಬೇಕೆಂದು ಇಂದೇ ಹೇಳಬೇಕು. "ಆ ಕಡೆ ನಿಂತ್ರೆ ಈ ಕಡೆ ಸರಿ ಅನ್ಸುತ್ತೆ, ಈ ಕಡೆ ಬಂದ್ರೆ ಆ ಕಡೆ. ತಲೆ ಮೊಸರುಗಡಿಗೆ ಆಗಿದೆ," ಎನ್ನುತ್ತಾರೆ ಡಬ್ಬಿ ಅಕ್ಕ. ಅವರ ತಂಗಿಯ ಮೈಯಲ್ಲಿ ರಕ್ತ ಸಾಕಷ್ಟು ತಯಾರಾಗುವುದಿಲ್ಲ. ಚಿಕ್ಕಂದಿನಿಂದ ತಿಂಗಳಿಗೊಮ್ಮೆ ಇದೇ ಆಸ್ಪತ್ರೆಯಲ್ಲಿ ಏರಿಸಿಕೊಳ್ಳಬೇಕು. "ಚೀಲ ತಡ ಆದ್ರೂ ಅವಳಿಗೇ, ತಪ್ಪಿಹೋದ್ರೂ ಅವಳಿಗೇ. ನಾನು ಯಾವ ಬಾಯಲ್ಲಿ ಆರಿಸ್ಲಿ?"

ಮೆಟ್ಟಿಲು ಹತ್ತಿ ರಕ್ತನಿಧಿಗೆ ಹೋಗುತ್ತಾರೆ. ಕಿಟಕಿಯ ಆಚೆ ರೋಗಿಯ ಕಡೆಯವರೊಬ್ಬರು ಅವಸರಿಸುತ್ತಿದ್ದಾರೆ. ಟೆಕ್ನಿಷಿಯನ್ ಒಂದು ಚೀಲ ತೆಗೆದು, ಚೀಟಿಯ ಶಾಯಿ ಹರಡಿದ್ದು ಕಂಡು, ಅದನ್ನು ಫ್ರಿಜ್ಜಿನ ಕೆಳಗಿನ ಅರೆಗೆ ಸರಿಸುತ್ತಾರೆ. ಅನುಮಾನ ಬಂದ ಚೀಲಗಳ ಜಾಗ ಅದು. ವೈದ್ಯರೇ ಹಾಕಿಕೊಟ್ಟ ನಿಯಮ.

"ರಕ್ತ ಸರಿಯಾಗೇ ಇರಬಹುದಲ್ಲ?" ಡಬ್ಬಿ ಅಕ್ಕ ಕೇಳುತ್ತಾರೆ.

"ಇರಬಹುದು. ಆದ್ರೆ ಇರಬಹುದು ಅನ್ನೋದನ್ನ ಯಾರಿಗೂ ಏರಿಸೋಕಾಗಲ್ಲ."

"ಕಾಯೋರು ಬೈತಾರಲ್ಲ?"

"ಬೈತಾರೆ. ಬೈಸ್ಕೊಂಡು ಇನ್ನೊಂದು ಚೀಲ ತರ್ತೀನಿ."

ಡಬ್ಬಿ ಅಕ್ಕ ನೇರ ವೈದ್ಯರ ಕೋಣೆಗೆ ನಡೆಯುತ್ತಾರೆ. "ನಿಮ್ಮ ಫ್ರಿಜ್ಜಿಗೆ ಇರೋ ನಿಯಮಾನೇ ನನ್ನ ಡಬ್ಬಿಗೂ ಹಾಕ್ತೀನಿ ಡಾಕ್ಟ್ರೇ. ಎರಡನೇದೇ ಇರ್ಲಿ."

"ಆ ಎರಡು ನಿಮಿಷ ಕಡಿಮೆ ಮಾಡಿ," ಎಂದಷ್ಟೇ ಹೇಳುತ್ತಾರೆ ವೈದ್ಯರು. ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರವೊಂದನ್ನು ಎರಡು ಸರ್ವರ್‌ಗಳ ನಡುವೆ ಸಾಕ್ಷಿಗೆ ಕೂರಿಸಿ, ಮಾತು ನಿಂತಾಗ ಯಾವುದು ಬರೆಯಬೇಕು, ಯಾವುದು ಹೊರಗಿರಬೇಕು ಎಂಬ ತಕರಾರು ಬೇಗ ಮುಗಿಯುವ ಹಾಗೆ ಮಾಡುತ್ತಾರೆ ಡಬ್ಬಿ ಅಕ್ಕ. ಎರಡು ನಿಮಿಷ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆರಿಸಿದ್ದು ಸರಿಯೇ ಎಂದು ಕೇಳಿದರೆ ಇನ್ನೂ ತಲೆ ಕೆರೆದುಕೊಳ್ಳುತ್ತಾರೆ.

ಕೆಲವು ವಾರಗಳಾಗಿವೆ. ಇಂದು ತಂಗಿಯ ಸರದಿ. ಅವಳು ತೋಳು ಚಾಚಿ ಕೂತಿದ್ದಾಳೆ, ಪಕ್ಕದಲ್ಲಿ ಡಬ್ಬಿ ಅಕ್ಕ ನಿಂತಿದ್ದಾರೆ, ಚೀಲ ತರಲು ಟೆಕ್ನಿಷಿಯನ್ ಎದ್ದಿದ್ದಾರೆ, ಪರದೆ ತಟ್ಟನೆ ನಿಲ್ಲುತ್ತದೆ. ಈ ಸಲ ಕೇಬಲ್ ಕಿತ್ತವರು ಯಾರೂ ಇಲ್ಲ. ನಿಜವಾಗಿಯೇ ಎಲ್ಲೋ ಕೆಟ್ಟಿದೆ. ಸಾಲಿನಲ್ಲಿ ಗೊಣಗಾಟ ಏಳುತ್ತದೆ. ಡಬ್ಬಿ ಅಕ್ಕನಿಗೆ ಭಯವಾಗುತ್ತದೆ.

"ಅಕ್ಕ, ನಿನ್ನ ಡಬ್ಬಿ ಕೆಟ್ಟೋಯ್ತಾ?" ತಂಗಿ ಕೇಳುತ್ತಾಳೆ.

"ಕೆಟ್ಟಿಲ್ಲ ಕಣೇ. ನಂಗೊತ್ತಿಲ್ಲ, ತಡಿ ಅಂತಿದೆ. ಹಾಗೆ ಹೇಳೋಕೆ ಬರೋದನ್ನೇ ಹುಡುಕಿ ತಂದಿದ್ದೀನಿ. ಸ್ವಲ್ಪ ಕಾಯಿ."